ಹಾಳೆ ತಟ್ಟೆಯ ಡೈ: ಎಲ್ಲಿ ಪ್ರಿಂಟ್, ಎಲ್ಲಿ ಮಿಲ್ಲಿಂಗ್

ಬದಿಯಡ್ಕದ ನಮ್ಮ ಘಟಕದಲ್ಲಿ ಚೌಕದ ಅಡಿಕೆ ಹಾಳೆ ತಟ್ಟೆ ಒತ್ತಿದರೆ ಮೂಲೆಯಲ್ಲೇ ಸೀಳುತ್ತಿತ್ತು. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ, ಅಡ್ಡ ಎಳೆದರೆ ತಡೆಯುವುದಿಲ್ಲ. ಮೂಲೆಗೆ ಇನ್ನಷ್ಟು ದುಂಡು ಬೇಕು. ಎಷ್ಟು ಅಂತ ನೋಡಲು ಪ್ರತಿ ಸಲ ಅಲ್ಯೂಮಿನಿಯಂ ಡೈ (ಹಾಳೆ ಒತ್ತುವ ಅಚ್ಚು) ಮಾಡಿಸುವುದು ಯಾರ ಕೈಲಾಗುತ್ತದೆ? ಬೇರೆ ಬೇರೆ ದುಂಡಿನ ಮೂಲೆಗಳನ್ನಷ್ಟೇ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆ. ಚೆನ್ನಾಗಿ ನೆನೆಸಿದ ಹಾಳೆಯನ್ನು ಬಿಸಿಯಿಲ್ಲದೆ ವೈಸಿನಲ್ಲಿ (ತಿರುಪು ಬಿಗಿಸಿ ಹಿಡಿಯುವ ಇಕ್ಕುಳದಲ್ಲಿ) ಒತ್ತಿದೆ. ದುಂಡು ಹೆಚ್ಚಿದಂತೆ ಸೀಳು ನಿಂತಿತು, ಸಣ್ಣ ನೆರಿಗೆ ಮಾತ್ರ ಉಳಿಯಿತು.

ದಿನಾ ಒತ್ತುವ ಡೈಗೆ ಮಾತ್ರ ಪಿಎಲ್‌ಎ ಬೇಡವೇ ಬೇಡ. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗುತ್ತದೆ, ನಮಗೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು ಅಲ್ವಾ? ಹಾಗಾಗಿ ಡೈಯನ್ನು ಅಲ್ಯೂಮಿನಿಯಂನಲ್ಲಿ ಸಿಎನ್‌ಸಿ ಮಿಲ್ಲಿಂಗ್ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಲೋಹ ಕೆತ್ತುವುದು) ಮಾಡಿಸಿದೆವು. ಡೈಯಲ್ಲಿ ಹೀಟರಿನ ತೂತು ಸರಿಯಾದ ಜಾಗಕ್ಕೆ ಕೊರೆಯಲು ದಾರಿ ತೋರುವ ಜಿಗ್ ಮಾತ್ರ ಪ್ರಿಂಟಿನದ್ದೇ. ಡ್ರಿಲ್ ಹೋಗುವಲ್ಲಿ ಗಟ್ಟಿ ಉಕ್ಕಿನ ಬುಷ್ (ಸಣ್ಣ ಕೊಳವೆ) ಕೂರಿಸಿದ್ದೇವೆ.