ಗಾಯಕ ಬದಲಾದ ಬ್ಯಾಂಡನ್ನು ಕೇಳುವುದು ಹೇಗೆ

ಡೀಪ್ ಪರ್ಪಲ್‌ಗೆ ಇಯಾನ್ ಗಿಲನ್ನೇ ಸರಿಯೋ, ಡೇವಿಡ್ ಕವರ್‌ಡೇಲೋ? ಬ್ಲ್ಯಾಕ್ ಸಬ್ಬತ್‌ಗೆ ಓಝಿ ಆಸ್ಬೋರ್ನ್ ಬೇಕೋ, ರಾನಿ ಜೇಮ್ಸ್ ಡಿಯೊ ಬೇಕೋ? ಐರನ್ ಮೇಡನ್‌ನಲ್ಲಿ ಬ್ಲೇಜ್ ಬೇಲಿ ಹಾಡಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಮೂರೂ ಗಾಯಕರು ಬದಲಾದ ಇಂಗ್ಲೆಂಡಿನ ರಾಕ್ ಬ್ಯಾಂಡುಗಳು. ರಾಕ್ ಕೇಳುವ ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಬಂದ ಮೇಲೆ ಬೇಗ ಮುಗಿಯುವುದೂ ಇಲ್ಲ.

ನನ್ನ ಅಣ್ಣನ ಮಗ ರಜೆಗೆ ಬಂದಾಗ, "ಅತ್ತೆ, ಓಝಿ ಇಲ್ಲದ ಮೇಲೆ ಅದನ್ನ ಸಬ್ಬತ್ ಅಂತ ಕರೆಯೋದೇ ತಪ್ಪು" ಅಂದ. ಡಿಯೊ ಹಾಡಿದ ಯಾವ ಆಲ್ಬಂ ಕೇಳಿದ್ದೀಯೋ ಅಂದೆ. ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಅವನನ್ನು ಕೂರಿಸಿಕೊಂಡು ಕೇಳಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಂಠವನ್ನು ಅದಕ್ಕಾಗಿ ಕಟ್ಟಿದ ಹಾಡಿನಿಂದ ಬಿಡಿಸಿ ತೂಗಲು ಬರುವುದಿಲ್ಲ. ಯಾರು ದೊಡ್ಡ ಗಾಯಕ ಎಂದು ಕೇಳುವ ಮೊದಲು, ಈ ಹಾಡು ಯಾರ ಗಂಟಲಿಗಾಗಿ ಹುಟ್ಟಿತು ಎಂದು ಕೇಳಬೇಕು.

ಗಾಯಕ ಮಾತ್ರ ಬದಲಾದ ಕಡೆಯಿಂದ ಶುರುಮಾಡಿ

ಇದಕ್ಕೆ ಎಸಿ/ಡಿಸಿ ಎಂಬ ಬ್ಯಾಂಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1979ರ 'ಹೈವೇ ಟು ಹೆಲ್' ಬಾನ್ ಸ್ಕಾಟ್ ಹಾಡಿದ ಕೊನೆಯ ಆಲ್ಬಂ. 1980ರ ಫೆಬ್ರವರಿ 19ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ ಕೊನೆಯಲ್ಲಿ ಬ್ರಯನ್ ಜಾನ್ಸನ್ ಹಾಡಿದ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಎರಡರಲ್ಲೂ ಗಿಟಾರಿಗೆ ಆಂಗಸ್ ಮತ್ತು ಮಾಲ್ಕಮ್ ಯಂಗ್, ಬೇಸ್‌ಗೆ ಕ್ಲಿಫ್ ವಿಲಿಯಮ್ಸ್, ಡ್ರಮ್ಸ್‌ಗೆ ಫಿಲ್ ರಡ್. ಎರಡಕ್ಕೂ ಮಟ್ ಲ್ಯಾಂಗ್ ಅವರೇ ನಿರ್ಮಾಪಕರು, ಅಂದರೆ ಸ್ಟುಡಿಯೊದಲ್ಲಿ ಆಲ್ಬಂನ ಸದ್ದನ್ನು ರೂಪಿಸಿದವರು. ಹಾಗಾಗಿ ನಿಮ್ಮ ಕಿವಿಗೆ ಬೀಳುವ ವ್ಯತ್ಯಾಸದಲ್ಲಿ ಬಹುಪಾಲು ಕಂಠದ್ದೇ.

ಎರಡನ್ನೂ ಒಂದೇ ಕೂರಿಕೆಯಲ್ಲಿ ಕೇಳಿ. ಸ್ಕಾಟ್ ಅರ್ಧ ಹಾಡುತ್ತಾರೆ, ಅರ್ಧ ಮಾತಾಡುತ್ತಾರೆ. ಸಾಲಿನ ಕೊನೆಯಲ್ಲಿ ಕಣ್ಣು ಮಿಟುಕಿಸಿದಂತೆ ದನಿಯನ್ನು ಇಳಿಸುತ್ತಾರೆ. ಜಾನ್ಸನ್ ಹಾಗೆ ಇಳಿಯುವುದೇ ಅಪರೂಪ, ಮೊದಲಿಂದ ಕೊನೆಯವರೆಗೆ ಗಂಟಲಿನ ತುತ್ತತುದಿಯಲ್ಲೇ ನಿಲ್ಲುತ್ತಾರೆ. ಆಮೇಲೆ ಗಿಟಾರಿಗೆ ಕಿವಿ ಕೊಡಿ. ಎರಡನೆಯ ಆಲ್ಬಂನಲ್ಲಿ ರಿಫ್ಫುಗಳ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛಗಳ) ನಡುವೆ ಹೆಚ್ಚು ಖಾಲಿ ಜಾಗ ಇದೆ ಎಂದು ನನಗೆ ಅನ್ನಿಸುತ್ತದೆ. ಅಷ್ಟು ಎತ್ತರದ ದನಿಗೆ ಆ ಜಾಗ ಬೇಕಿತ್ತು.

ಕೇಳುವಾಗ ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ. ಹಳೆಯ ಮುದ್ರಣವನ್ನು ಹೊಸದಾಗಿ ಹದಮಾಡಿದ ಇತ್ತೀಚಿನ ರೀಮಾಸ್ಟರ್‌ಗಳು ಹಳೆಯ ಪ್ರತಿಗಿಂತ ಜೋರಾಗಿರುತ್ತವೆ, ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ಹೇಳಿಬಿಡುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿ ಯಾರ ಬಗ್ಗೆಯೂ ತೀರ್ಮಾನ ಮಾಡಬೇಡಿ. ಸಾಧಾರಣ ಹೆಡ್‌ಫೋನ್ ಸಾಕು.

ಕಾಗದದ ಮೇಲೆ ಇಸವಿ, ಹೆಸರು ಬರೆದುಕೊಳ್ಳಿ

ಬೆಂಗಳೂರಿನಲ್ಲಿ ನಾವು ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ದಿನಗಳಲ್ಲಿ ಹಾಡುಗಳು ಇಸವಿಯ ಕ್ರಮದಲ್ಲಿ ಕೈಗೆ ಬರುತ್ತಿರಲಿಲ್ಲ. ಸ್ನೇಹಿತರು ತುಂಬಿಸಿಕೊಟ್ಟ ಟೇಪಿನಲ್ಲಿ 1970ರ ಗಿಲನ್ ಪಕ್ಕದಲ್ಲೇ 1974ರ ಕವರ್‌ಡೇಲ್ ಇರುತ್ತಿದ್ದರು, ಹಾಡಿದವರ ಹೆಸರಂತೂ ಇರುತ್ತಲೇ ಇರಲಿಲ್ಲ. ಇವತ್ತಿನ ಆ್ಯಪ್‌ಗಳ 'ಜನಪ್ರಿಯ ಹಾಡು' ಪಟ್ಟಿಯೂ ಹಾಗೆಯೇ ಎಲ್ಲವನ್ನೂ ಕಲಸುತ್ತದೆ. ಅದಕ್ಕೇ ಒಂದು ಹಾಳೆಯಲ್ಲಿ ಆಲ್ಬಂ, ಇಸವಿ, ಗಾಯಕ, ಜೊತೆಗೆ ಬಂದವರು, ಜೊತೆಗೆ ಹೋದವರು, ನಿರ್ಮಾಪಕರು ಎಂದು ಬರೆದುಕೊಳ್ಳಿ. ಬೇಸರದ ಕೆಲಸ ಅನ್ನಿಸಬಹುದು, ಆದರೆ ಅರ್ಧಕ್ಕರ್ಧ ವಾದಗಳು ಈ ಹಾಳೆಯ ಮೇಲೆಯೇ ಬಗೆಹರಿಯುತ್ತವೆ.

ಡೀಪ್ ಪರ್ಪಲ್ ನೋಡಿ. 1968ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ನಲ್ಲಿ ಶುರುವಾದಾಗ ಹಾಡುತ್ತಿದ್ದವರು ರಾಡ್ ಇವಾನ್ಸ್. 1969ರಲ್ಲಿ ಎಪಿಸೋಡ್ ಸಿಕ್ಸ್ ಎಂಬ ಬ್ಯಾಂಡಿನಿಂದ ಗಿಲನ್ ಬಂದರು, ಅವರ ಜೊತೆಗೇ ಬೇಸ್ ನುಡಿಸುವ ರೋಜರ್ ಗ್ಲೋವರ್ ಕೂಡ ಬಂದರು. 1973ರಲ್ಲಿ ಇಬ್ಬರೂ ಹೋದರು. ಅವರ ಜಾಗಕ್ಕೆ ಬಂದ ಕವರ್‌ಡೇಲ್‌ಗೆ ಆಗ ಇನ್ನೂ 22 ತುಂಬಿರಲಿಲ್ಲ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಬೇಸ್‌ಗೆ ಬಂದ ಗ್ಲೆನ್ ಹ್ಯೂಸ್ ಸ್ವತಃ ದೊಡ್ಡ ಹಾಡುಗಾರ. ಅಂದರೆ 1970ರ 'ಇನ್ ರಾಕ್' ಜೊತೆ 1974ರ 'ಬರ್ನ್' ಇಟ್ಟು ಹೋಲಿಸುವವರು ಒಬ್ಬ ಗಾಯಕನ ಎದುರು ಇಬ್ಬರನ್ನು ನಿಲ್ಲಿಸುತ್ತಿದ್ದಾರೆ. 'ಬರ್ನ್'ನಲ್ಲಿ ಮೇಲಕ್ಕೆ ಚಿಮ್ಮುವ ದನಿ ಕೇಳಿ "ಕವರ್‌ಡೇಲ್ ಎಷ್ಟು ಎತ್ತರಕ್ಕೆ ಹೋಗ್ತಾರೆ!" ಎನ್ನುವವರನ್ನು ನೋಡಿದ್ದೇನೆ. ಅದು ಹೆಚ್ಚಿನ ಕಡೆ ಹ್ಯೂಸ್. ಕೆಳಗೆ ದಪ್ಪಗೆ, ಬ್ಲೂಸ್ ತುಂಬಿಕೊಂಡು ಬರುವ ದನಿಯೇ ಕವರ್‌ಡೇಲ್‌ದು.

ಐರನ್ ಮೇಡನ್ ವಿಷಯದಲ್ಲಿ ಈ ಹಾಳೆ ಇನ್ನೂ ಮುಖ್ಯ. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್‌ಸನ್ ಬಿಟ್ಟುಹೋದರು, ಬ್ಲೇಜ್ ಬಂದರು, 1995ರ 'ದಿ ಎಕ್ಸ್ ಫ್ಯಾಕ್ಟರ್' ಸೊರಗಿದಂತೆ ಕೇಳಿಸಿತು, ತಪ್ಪೆಲ್ಲ ಬ್ಲೇಜ್ ತಲೆಗೆ ಬಂತು. ಆದರೆ ಗಿಟಾರಿನ ಏಡ್ರಿಯನ್ ಸ್ಮಿತ್ 1990ರಲ್ಲೇ ಹೋಗಿದ್ದರು. 1981ರಿಂದ ಬ್ಯಾಂಡಿನ ಸ್ಟುಡಿಯೊ ಆಲ್ಬಂಗಳಿಗೆಲ್ಲ ಸದ್ದು ಕೊಟ್ಟ ಮಾರ್ಟಿನ್ ಬರ್ಚ್ 1992ರ ಆಲ್ಬಂ ಮುಗಿಸಿ ನಿವೃತ್ತರಾಗಿದ್ದರು. ಡೀಪ್ ಪರ್ಪಲ್‌ನ ಒಳ್ಳೆಯ ಕಾಲದ ಧ್ವನಿಮುದ್ರಣವೂ, ಡಿಯೊ ಬಂದ ಹೊಸದರ ಸಬ್ಬತ್ ಆಲ್ಬಂಗಳೂ ಇದೇ ಬರ್ಚ್ ಕೈಯಲ್ಲಿ ಆದವು. ಅಂಥವರು ಇಲ್ಲದ ಮೊದಲ ಆಲ್ಬಂ ಬ್ಲೇಜ್ ಪಾಲಿಗೆ ಬಂತು. 1999ರಲ್ಲಿ ಡಿಕಿನ್‌ಸನ್ ವಾಪಸಾದಾಗ ಸ್ಮಿತ್ ಕೂಡ ವಾಪಸಾದರು. ಆಮೇಲೆ ಬ್ಯಾಂಡ್ ಎದ್ದು ನಿಂತದ್ದರಲ್ಲಿ ಯಾರ ಪಾಲು ಎಷ್ಟು? ಎಲ್ಲವನ್ನೂ ಕಂಠಕ್ಕೇ ಬರೆಯುವುದು ಅನ್ಯಾಯ.

ಒಂದೇ ಹಾಡು, ಎರಡು ಬಾಯಿ

ಇನ್ನು ನಿಜವಾದ ಪರೀಕ್ಷೆ. ಒಬ್ಬರಿಗಾಗಿ ಕಟ್ಟಿದ ಹಾಡನ್ನು ಇನ್ನೊಬ್ಬರು ಹಾಡಿದ ಧ್ವನಿಮುದ್ರಣ ಹುಡುಕಿ.

ಸಾಮಾನ್ಯವಾಗಿ ಜನ ಒಂದೇ ದಿಕ್ಕಿನಲ್ಲಿ ಇದನ್ನು ಮಾಡುತ್ತಾರೆ: ಹೊಸಬರು ಹಳೆಯ ಹಾಡನ್ನು ಹೇಗೆ ಹಾಡಿದರು ನೋಡೋಣ ಅಂತ. ಬ್ಲೇಜ್ ಸೋತದ್ದು ಅಲ್ಲೇ. ನಮ್ಮ ಕಚೇರಿಗಳಲ್ಲಿ ಹಾಡುವವರ ಗಂಟಲಿಗೆ ತಕ್ಕಂತೆ ತಂಬೂರಿಯ ಶ್ರುತಿ ಇಡುತ್ತಾರೆ. ಅದೇ ಕೃತಿಯನ್ನು ಇನ್ನೊಬ್ಬರು ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಹಾಡಿದರೆ ಯಾರೂ ಕೊರತೆ ಎಣಿಸುವುದಿಲ್ಲ. ಗಿಟಾರಿನ ಬ್ಯಾಂಡಿನಲ್ಲಿ ಹೆಚ್ಚಾಗಿ ರಿಫ್ ಮೊದಲು ಹುಟ್ಟುತ್ತದೆ. ಬೆರಳಿಡದ ಬಿಡಿ ತಂತಿಯ ಮೇಲೆ ನಿಂತ ರಿಫ್ಫನ್ನು ಬೇರೆ ಸ್ವರಕ್ಕೆ ಸರಿಸಿದರೆ ಅದರ ಮೈಕಟ್ಟೇ ಬದಲಾಗುತ್ತದೆ. ಹಾಗಾಗಿ ತಗ್ಗಿನ, ಕಪ್ಪು ಬಣ್ಣದ ಕಂಠದ ಬ್ಲೇಜ್ ವೇದಿಕೆಯ ಮೇಲೆ ಡಿಕಿನ್‌ಸನ್‌ರ ಎತ್ತರದಲ್ಲೇ ಹಾಡಬೇಕಾಯಿತು. ರಾತ್ರಿ ರಾತ್ರಿ ಹಾಗೆ ಹಾಡಿದ ಗಂಟಲು ಏನಾದೀತು?

ಅದಕ್ಕೇ ದಿಕ್ಕು ತಿರುಗಿಸಿ. 'ಸೈನ್ ಆಫ್ ದಿ ಕ್ರಾಸ್' ಹನ್ನೊಂದು ನಿಮಿಷದ ಹಾಡು, 'ದಿ ಎಕ್ಸ್ ಫ್ಯಾಕ್ಟರ್' ಶುರುವಾಗುವುದೇ ಅದರಿಂದ, ಹಾಡಿದ್ದು ಬ್ಲೇಜ್. 2001ರ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ವೇದಿಕೆಯ ಮೇಲೆ ಮುದ್ರಿಸಿದ ಮೇಡನ್ ಆಲ್ಬಂ 'ರಾಕ್ ಇನ್ ರಿಯೊ'ದಲ್ಲಿ ಅದೇ ಹಾಡು ಡಿಕಿನ್‌ಸನ್ ಬಾಯಲ್ಲಿ ಇದೆ. ಬಹಳ ಜನ ಎರಡನೆಯದೇ ಮೇಲು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಿಕಿನ್‌ಸನ್ ಆ ಹಾಡನ್ನು ಗೆದ್ದ ಹಾಗೆ ಹಾಡುತ್ತಾರೆ. ಆದರೆ ಅದು ಸಾವಿಗೆ ಕಾದು ನಿಂತವನ ಹಾಡು, ಅಲ್ಲಿ ಗೆಲುವಿಗೆ ಜಾಗ ಇಲ್ಲ. ಬ್ಲೇಜ್‌ರ ಭಾರವಾದ, ಸ್ವಲ್ಪ ಅಳುಕುವ ದನಿಯಲ್ಲೇ ಆ ಭಯ ಇದೆ. ಎರಡನ್ನೂ ಕೇಳಿ ನೀವು ಬೇರೆ ತೀರ್ಮಾನಕ್ಕೆ ಬಂದರೆ ಬನ್ನಿ, ಆದರೆ ಇಬ್ಬರದ್ದನ್ನೂ ಪೂರ್ತಿ ಕೇಳಿ.

ಇನ್ನೊಂದು ಜೋಡಿ 'ಮಿಸ್‌ಟ್ರೀಟೆಡ್'. 'ಬರ್ನ್' ಆಲ್ಬಂನಲ್ಲಿ ಕವರ್‌ಡೇಲ್ ಒಬ್ಬರೇ ಹಾಡಿದ್ದು. ಗಿಟಾರು ನುಡಿಸುತ್ತಿದ್ದ ರಿಚಿ ಬ್ಲ್ಯಾಕ್‌ಮೋರ್ ಪರ್ಪಲ್ ಬಿಟ್ಟು ರೇನ್‌ಬೋ ಎಂಬ ಬ್ಯಾಂಡ್ ಕಟ್ಟಿದ ಮೇಲೆ, 1977ರ 'ಆನ್ ಸ್ಟೇಜ್'ನಲ್ಲಿ ಅದೇ ಹಾಡನ್ನು ಡಿಯೊ ಹಾಡಿದರು. ಗಿಟಾರು ಒಂದೇ ಕೈಯದ್ದು, ದುಃಖ ಎರಡು ಬಗೆಯದ್ದು. ಕವರ್‌ಡೇಲ್ ಮೋಸಹೋದ ಹುಡುಗನ ಹಾಗೆ ನರಳುತ್ತಾರೆ; ಡಿಯೊ ನಾಟಕದ ರಾಜನೊಬ್ಬ ಸಭೆಯಲ್ಲಿ ಎದ್ದು ನಿಂತು ದೂರು ಹೇಳಿದ ಹಾಗೆ. ನನಗೆ ಇಲ್ಲಿ ಕವರ್‌ಡೇಲೇ ಬೇಕು. ಗಿಲನ್ ಮಾತ್ರ 1984ರಲ್ಲಿ ಪರ್ಪಲ್‌ಗೆ ಮರಳಿದ ಮೇಲೆಯೂ ಕವರ್‌ಡೇಲ್ ಕಾಲದ ಹಾಡುಗಳನ್ನು ಮುಟ್ಟಲಿಲ್ಲ. ಹೋಲಿಸಿ ನೋಡುವ ಆಸೆ ಇದ್ದವರಿಗೆ ಅದೊಂದು ನಷ್ಟ.

ದನಿ ರಿಫ್ಫಿನ ಎಲ್ಲಿ ನಿಂತಿದೆ?

ಅಣ್ಣನ ಮಗನಿಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಸಬ್ಬತ್‌ನ 1970ರ 'ಪ್ಯಾರನಾಯ್ಡ್' ಆಲ್ಬಂನಿಂದ 'ಐರನ್ ಮ್ಯಾನ್' ಹಾಕಿ. ಟೋನಿ ಅಯೋಮಿಯ ಗಿಟಾರು ಯಾವ ಸ್ವರಗಳಲ್ಲಿ ನಡೆಯುತ್ತದೋ ಓಝಿಯ ದನಿಯೂ ಅದೇ ಸ್ವರಗಳಲ್ಲಿ, ಅದೇ ಹೆಜ್ಜೆಯಲ್ಲಿ ನಡೆಯುತ್ತದೆ. "ಓಝಿಗೆ ಹಾಡೋಕೆ ಬರಲ್ಲ, ಗಿಟಾರಿನ ಹಿಂದೆ ಹೋಗ್ತಾರೆ ಅಷ್ಟೆ" ಎನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಆ ಹಾಡಿನ ಹೆದರಿಕೆ ಹುಟ್ಟುವುದೇ ಅಲ್ಲಿ: ಮನುಷ್ಯನ ದನಿಯೂ ಯಂತ್ರದ ಸದ್ದೂ ಬೇರೆಯಾಗದೆ ಒಂದೇ ಆಗಿ ಬರುತ್ತವೆ. ಅಲ್ಲಿ ಯಾರಾದರೂ ಗಮಕ ತೆಗೆದಿದ್ದರೆ ಹಾಡು ಕೆಡುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನ ತೆಳ್ಳಗಿನ, ಮೂಗಿನಿಂದ ಬರುವ, ನೇರ ನಿಂತ ದನಿ ಅದಕ್ಕೆ ಬೇಕಿತ್ತು.

ಈಗ 1980ರ 'ಹೆವನ್ ಆ್ಯಂಡ್ ಹೆಲ್' ಆಲ್ಬಂನ ಅದೇ ಹೆಸರಿನ ಹಾಡು. ಅಯೋಮಿ, ಬೇಸ್‌ನ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್ ಮೂವರೂ ಹಳಬರೇ. ದೊಡ್ಡ ರಿಫ್ ಬರುತ್ತದೆ, ಚರಣ ಶುರುವಾಗುತ್ತಿದ್ದಂತೆ ಗಿಟಾರು ಹಿಂದೆ ಸರಿಯುತ್ತದೆ. ಬೇಸ್ ಒಂದೇ ನಡೆಯಲ್ಲಿ ಮಿಡಿಯುತ್ತಿರುತ್ತದೆ, ಮೇಲೆ ಡಿಯೊ ತಮ್ಮದೇ ರಾಗದಲ್ಲಿ ಸಾಗುತ್ತಾರೆ. ಓಝಿ ಕಾಲದಲ್ಲಿ ಸಾಹಿತ್ಯವನ್ನು ಹೆಚ್ಚಾಗಿ ಬಟ್ಲರ್ ಬರೆಯುತ್ತಿದ್ದರು, ಡಿಯೊ ತಮ್ಮ ಸಾಲನ್ನು ತಾವೇ ಬರೆದರು. ಗಾಯಕ ಬದಲಾದದ್ದರಿಂದ ಅಯೋಮಿಯ ರಿಫ್ಫೂ ಬದಲಾಯಿತು, ಹಾಡಿನ ವಿಷಯವೂ ಬದಲಾಯಿತು. "ಅದು ಬೇರೆ ಬ್ಯಾಂಡು" ಎನ್ನುವವರ ಮಾತಿನಲ್ಲಿ ನಿಜ ಇರುವುದು ಇಷ್ಟೇ. ಆದರೆ ಅದು ಕೀಳಾಯಿತು ಎಂದಾಗುವುದಿಲ್ಲ. ನನ್ನನ್ನು ಕೇಳಿದರೆ 1970-71ರ ಹಾಡುಗಳಿಗೆ ಓಝಿ ಬಿಟ್ಟು ಇನ್ನೊಬ್ಬರಿಲ್ಲ, 1980ರವಕ್ಕೆ ಡಿಯೊ ಬಿಟ್ಟು ಇನ್ನೊಬ್ಬರಿಲ್ಲ.

ವಯಸ್ಸನ್ನೂ ವೇದಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಗಿಲನ್ ಹಾಡಿದ್ದನ್ನು ಇತ್ತೀಚಿನ ವಿಡಿಯೊದಲ್ಲಿ ನೋಡಿ "ಇಷ್ಟೇನಾ?" ಎನ್ನಬೇಡಿ. ಮೊದಲು 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೊದಲ್ಲಿ ಮುದ್ರಿಸಿದ 'ಮೇಡ್ ಇನ್ ಜಪಾನ್' ಕೇಳಿ. 'ಚೈಲ್ಡ್ ಇನ್ ಟೈಮ್'ನ ಆ ಕೂಗು ಇಪ್ಪತ್ತರ ಹರೆಯದ ಗಂಟಲಿನದು. ವಯಸ್ಸಾದಂತೆ ಅವರು ಆ ಹಾಡನ್ನೇ ಕೈಬಿಟ್ಟರು. ಅದು ನನಗೆ ಗೌರವದ ಕೆಲಸವಾಗಿ ಕಾಣುತ್ತದೆ.

ಡಿಕಿನ್‌ಸನ್‌ಗೆ 2014ರ ಕೊನೆಯಲ್ಲಿ ನಾಲಿಗೆಯ ಬುಡದ ಕ್ಯಾನ್ಸರ್ ಪತ್ತೆಯಾಯಿತು, ಮರುವರ್ಷ ಗುಣವಾಯಿತು. 2015ರಲ್ಲಿ ಬಂದ 'ದಿ ಬುಕ್ ಆಫ್ ಸೋಲ್ಸ್' ಅದಕ್ಕೂ ಮೊದಲು ಮುದ್ರಿಸಿದ್ದು. 2021ರ 'ಸೆಂಜುತ್ಸು' ಚಿಕಿತ್ಸೆಯ ನಂತರದ್ದು. ಓಝಿ 2025ರ ಜುಲೈ 5ರಂದು ತಮ್ಮ ಊರಿನ ವಿಲ್ಲಾ ಪಾರ್ಕ್‌ನಲ್ಲಿ ಕುಳಿತೇ ಹಾಡಿದರು, ಅದೇ ತಿಂಗಳ 22ರಂದು ತೀರಿಕೊಂಡರು. ಆ ರಾತ್ರಿಯ ಹಾಡನ್ನು 1970ರ ತಕ್ಕಡಿಯಲ್ಲಿ ಇಡುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ.

ಕಾರ್ಯಕ್ರಮದ ರಾತ್ರಿಯಲ್ಲೂ ತೀರ್ಪು ಕೊಡಬೇಡಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ನಾನೂ ಆ ಗುಂಪಿನಲ್ಲಿದ್ದೆ. ಪ್ರತಿ ಸಾಲನ್ನೂ ಸುತ್ತಲಿನವರೇ ಹಾಡುತ್ತಿದ್ದರು. ನಾನು ಕೇಳಿಸಿಕೊಂಡದ್ದರಲ್ಲಿ ಡಿಕಿನ್‌ಸನ್ ಎಷ್ಟು, ಪಕ್ಕದವರು ಎಷ್ಟು ಎಂದು ಬಿಡಿಸಿ ಹೇಳಲಾರೆ. ಆ ರಾತ್ರಿ ಅದು ಬೇಕಾಗಿಯೂ ಇರಲಿಲ್ಲ.

ವಾದಕ್ಕೆ ಕೂತಾಗ

ಆಲ್ಬಂ, ಹಾಡು, ಇಸವಿ ಹೇಳದ ಯಾವ ಮಾತನ್ನೂ ಒಪ್ಪಬೇಡಿ, ನೀವೂ ಆಡಬೇಡಿ. "ಗಿಲನ್ ಚೆನ್ನಾಗಿಲ್ಲ" ಎಂದವರನ್ನು ಯಾವ ವರ್ಷದ ಗಿಲನ್ ಎಂದು ಕೇಳಿ. ಇಷ್ಟವಾಗದಿದ್ದರೆ ಏನು ಇಷ್ಟವಾಗಲಿಲ್ಲ ಎಂದು ತೋರಿಸಿ: ಉಚ್ಚಾರವೋ, ಎತ್ತರವೋ, ಸಾಲನ್ನು ಮುಗಿಸುವ ಬಗೆಯೋ. ಮೊದಲು ಕೇಳಿದ ಕಂಠದ ಮೇಲಿನ ಪ್ರೀತಿ ಎಲ್ಲರಿಗೂ ಇರುತ್ತದೆ. ಅದನ್ನು ಪ್ರೀತಿ ಎಂದೇ ಹೇಳಿಕೊಳ್ಳಿ, ಪ್ರಮಾಣ ಎಂದು ಮಂಡಿಸಬೇಡಿ.

ಓಝಿ, ಡಿಯೊ ಇಬ್ಬರನ್ನೂ ಮುಗಿಸಿದವರಿಗೆ ಇನ್ನೊಂದು ಕೆಲಸ ಉಳಿದಿದೆ. ಸಬ್ಬತ್‌ನಲ್ಲಿ ಟೋನಿ ಮಾರ್ಟಿನ್ ಎಂಬ ಗಾಯಕರು 1980ರ ದಶಕದ ಕೊನೆಯಿಂದ ಐದು ಆಲ್ಬಂ ಹಾಡಿದ್ದಾರೆ. ಅವರು ಬರುವ ಹೊತ್ತಿಗೆ ಹಳಬರಲ್ಲಿ ಉಳಿದವರು ಅಯೋಮಿ ಒಬ್ಬರೇ, ಹಾಗಾಗಿ "ಇದು ಸಬ್ಬತ್ತೇ ಅಲ್ಲ" ಎನ್ನುವ ವಾದಕ್ಕೆ ಹೆಚ್ಚು ಬಲ ಇರುವುದೂ ಇಲ್ಲಿಯೇ. ಆ ಆಲ್ಬಂಗಳಲ್ಲಿ ಹಲವು ಬಹುಕಾಲ ಕೈಗೆ ಸಿಗುತ್ತಿರಲಿಲ್ಲ, 2024ರಲ್ಲಿ ನಾಲ್ಕನ್ನು ಒಟ್ಟಿಗೆ ಮತ್ತೆ ಹೊರತಂದರು. 1989ರ 'ಹೆಡ್‌ಲೆಸ್ ಕ್ರಾಸ್'ನಿಂದ ಶುರುಮಾಡಿ, ಡ್ರಮ್ಸ್‌ಗೆ ಕೋಝಿ ಪವೆಲ್ ಇದ್ದಾರೆ. ಮೊದಲ ತುಣುಕು ಒಂದು ನಿಮಿಷದ ಬರೀ ಸದ್ದು. ಮಾರ್ಟಿನ್ ಹಾಡುವುದು ಎರಡನೆಯದರಿಂದ.