ಸಿಎನ್‌ಸಿ ರೂಟರಿನ ಲೀನಿಯರ್ ಬೇರಿಂಗ್‌ಗಳಿಗೆ ಗ್ರೀಸ್ ಹಾಕುವ ಕ್ರಮ

ಕಂಪ್ಯೂಟರಿನ ಆಜ್ಞೆಯಂತೆ ಮರ, ಲೋಹಗಳನ್ನು ಕೊರೆಯುವ ಸಿಎನ್‌ಸಿ ರೂಟರಿನಲ್ಲಿ, ಉಕ್ಕಿನ ಗುಂಡುಗಳನ್ನು ಒಳಗಿಟ್ಟುಕೊಂಡು ಹಳಿಯ ಮೇಲೆ ನೇರವಾಗಿ ಸರಿಯುವ ಭಾಗವೇ ಲೀನಿಯರ್ ಬ್ಲಾಕ್. ಹೊಸ ಬ್ಲಾಕನ್ನು ಪೊಟ್ಟಣದಿಂದ ಹೊರತೆಗೆದಾಗ ಅದರ ಮೈಮೇಲೆ ಎಣ್ಣೆಯ ತೆಳುವಾದ ಲೇಪವಿರುತ್ತದೆ. ಅದನ್ನು ಕಂಡು, ಗ್ರೀಸ್ ತುಂಬಿಯೇ ಕಳುಹಿಸಿದ್ದಾರೆಂದು ತಿಳಿದು ಹಾಗೆಯೇ ಯಂತ್ರಕ್ಕೆ ಜೋಡಿಸಿಬಿಡುವವರು ಬಹಳ ಮಂದಿ. ಹವ್ಯಾಸಿಗಳು ಕೊಳ್ಳುವ ಅಗ್ಗದ ಬ್ಲಾಕ್‌ಗಳಲ್ಲಿ ಆ ಲೇಪವು ಹೆಚ್ಚಾಗಿ ಸಾಗಣೆಯ ವೇಳೆ ತುಕ್ಕು ಹಿಡಿಯದಿರಲೆಂದು ಬಳಿದದ್ದಾಗಿರುತ್ತದೆ; ಗುಂಡುಗಳು ಭಾರ ಹೊತ್ತು ಉರುಳುವಾಗ ಅವುಗಳಿಗೂ ಹಳಿಗೂ ನಡುವೆ ನಿಲ್ಲಬೇಕಾದ ಕೀಲೆಣ್ಣೆಯ ಪದರವನ್ನು ಅದು ಕೊಡಲಾರದು. ಆದ್ದರಿಂದ ಮೊದಲ ಗ್ರೀಸ್ ಬೀಳಬೇಕಾದದ್ದು ಯಂತ್ರವನ್ನು ಓಡಿಸುವ ಮುನ್ನವೇ.

ಗ್ರೀಸ್ ಡಬ್ಬಿಗೆ ಕೈಹಾಕುವ ಮೊದಲು ನಿಮ್ಮ ಯಂತ್ರದಲ್ಲಿರುವುದು ಯಾವ ಬಗೆಯ ಬೇರಿಂಗ್ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ಅಚ್ಚಿನ ಮೂಲಕ ಒತ್ತಿ ತೆಗೆದ ಉದ್ದನೆಯ ಪಟ್ಟಿ) ಮೇಲೆ ಪ್ಲಾಸ್ಟಿಕ್ಕಿನ ವಿ-ಚಕ್ರಗಳು ಉರುಳುವ ಯಂತ್ರವಾದರೆ ಹಳಿಗೆ ಏನನ್ನೂ ಹಚ್ಚಬಾರದು. ಒರೆಸಿ ಶುಚಿಯಾಗಿಟ್ಟರೆ ಸಾಕು. ಒಣಗಿದ್ದಾಗಲೇ ಕೆಲಸ ಮಾಡುವಂತೆ ರೂಪಿಸಿದ ಪಾಲಿಮರ್ ಬುಷ್‌ಗಳಿಗೂ (ಗುಂಡುಗಳಿಲ್ಲದೆ ಜಾರುವ ಪ್ಲಾಸ್ಟಿಕ್ ಕೊಳವೆಗಳು) ಇದೇ ಮಾತು ಸಲ್ಲುತ್ತದೆ. ಗ್ರೀಸ್ ಬೇಕಾಗುವುದು ಉಕ್ಕಿನ ಗುಂಡುಗಳಿರುವ ಬೇರಿಂಗ್‌ಗಳಿಗೆ: ಎಚ್‌ಜಿಆರ್ 15, ಎಚ್‌ಜಿಆರ್ 20 ಮಾದರಿಯ ಚೌಕ ಹಳಿಗಳು, ಎಂಜಿಎನ್ 12ರಂಥ ಕಿರು ಹಳಿಗಳು, ಮತ್ತು ಎಸ್‌ಬಿಆರ್ 16, ಎಸ್‌ಬಿಆರ್ 20 ಎಂದು ಕರೆಯುವ ದುಂಡು ಸರಳಿನ ಹಳಿಗಳು.

ಚೌಕ ಹಳಿಗಳಿಗೂ ದುಂಡು ಹಳಿಗಳಿಗೂ ಲಿಥಿಯಂ ಸೋಪ್ (ಎಣ್ಣೆಯನ್ನು ಗ್ರೀಸಾಗಿ ಗಟ್ಟಿಗೊಳಿಸುವ ವಸ್ತು) ಆಧಾರದ ಎನ್‌ಎಲ್‌ಜಿಐ 2 ದರ್ಜೆಯ ಗ್ರೀಸ್ ಹೊಂದುತ್ತದೆ. ಎನ್‌ಎಲ್‌ಜಿಐ ಎಂಬುದು ಗ್ರೀಸಿನ ಗಟ್ಟಿತನದ ಅಳತೆ; ಅಂಕಿ ಹೆಚ್ಚಿದಷ್ಟೂ ಗ್ರೀಸ್ ಗಟ್ಟಿ. ಕಿರು ಹಳಿಗಳಲ್ಲಿ ಗುಂಡುಗಳು ಸಣ್ಣವು, ಅವು ಸುತ್ತಿ ಬರುವ ದಾರಿಯೂ ಕಿರಿದು. ಗಟ್ಟಿ ಗ್ರೀಸ್ ಅಲ್ಲಿ ಚಲನೆಯನ್ನು ಬಿಗಿಯಾಗಿಸುವುದರಿಂದ 0 ಅಥವಾ 1ನೇ ದರ್ಜೆಯ ಮೆದು ಗ್ರೀಸನ್ನಾಗಲಿ, ಐಎಸ್‌ಒ ವಿಜಿ 68ರಂಥ (ಇದು ಎಣ್ಣೆಯ ಮಂದತನದ ದರ್ಜೆ) ಎಣ್ಣೆಯನ್ನಾಗಲಿ ಬಳಸುವುದು ಉತ್ತಮ. ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸ್ ಎಷ್ಟೇ ಬಲವಾದದ್ದೆಂದು ಡಬ್ಬಿಯ ಮೇಲೆ ಬರೆದಿದ್ದರೂ ಇಲ್ಲಿಗೆ ಬೇಡ, ಏಕೆಂದರೆ ಅದರಲ್ಲಿರುವ ಘನ ಕಣಗಳು ಉರುಳುವ ಗುಂಡುಗಳಿಗೆ ಒಗ್ಗುವುದಿಲ್ಲ, ಹಳಿ ತಯಾರಕರೂ ಅದನ್ನು ಬಳಸಬಾರದೆಂದೇ ಹೇಳುತ್ತಾರೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಗ್ರೀಸಿಗೆ ಬದಲಿಯಾಗದು. ಅದು ಇರುವ ಗ್ರೀಸನ್ನು ಕರಗಿಸಿ ತೊಳೆದುಹಾಕಿ, ತಾನೂ ಬೇಗನೆ ಆರಿಹೋಗುತ್ತದೆ. ಬೇರೆ ಬೇರೆ ಸೋಪ್ ಆಧಾರದ ಗ್ರೀಸ್‌ಗಳು ಒಂದಕ್ಕೊಂದು ಬೆರೆತಾಗ ನೀರಾಗಿ ಹರಿದುಹೋಗುವ ಸಾಧ್ಯತೆಯಿರುವುದರಿಂದ, ಒಮ್ಮೆ ಆರಿಸಿಕೊಂಡ ಗ್ರೀಸನ್ನೇ ಮುಂದುವರಿಸಿ.

ಇನ್ನು ಶುಚಿಗೊಳಿಸುವ ಕೆಲಸ. ಗ್ರೀಸ್ ಹಾಕುವ ಸಮಯದ ಮುಕ್ಕಾಲು ಪಾಲು ಇದಕ್ಕೇ ಮೀಸಲಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮರದ ಹೊಟ್ಟು, ಅದರಲ್ಲೂ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕೊರೆದಾಗ ಏಳುವ ಹಿಟ್ಟಿನಂಥ ಧೂಳು, ಹಳಿಯ ಮೇಲಿನ ಎಣ್ಣೆಯನ್ನು ಹೀರಿಕೊಂಡು ಅಂಟಾಗಿ ಕೂರುತ್ತದೆ. ಅಲ್ಯೂಮಿನಿಯಂ ಚೂರುಗಳಾದರೆ ಬ್ಲಾಕಿನ ತುದಿಯ ರಬ್ಬರ್ ಸೀಲನ್ನೇ ಕೊಯ್ಯುತ್ತವೆ. ಇಂಥ ಹಳಿಯ ಮೇಲೆ ಹೊಸ ಗ್ರೀಸ್ ಬಳಿದರೆ ಸಾಣೆಯ ಪುಡಿಯನ್ನು ಕಲಸಿ ಬೇರಿಂಗಿಗೆ ಉಣಿಸಿದಂತಾಗುತ್ತದೆ. ಮೊದಲು ಯಂತ್ರದ ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆಯಿರಿ. ಮೋಟಾರಿನ ಹಿಡಿತ ತಪ್ಪಿದೊಡನೆ ಮೇಲೆ ಕೆಳಗೆ ಚಲಿಸುವ ಝಡ್ ಅಕ್ಷವು, ಕೊರೆಯುವ ಬಿಟ್ಟನ್ನು ತಿರುಗಿಸುವ ಸ್ಪಿಂಡಲ್‌ನ ಭಾರಕ್ಕೆ ತಾನಾಗಿ ಕೆಳಗಿಳಿಯಬಹುದಾದ್ದರಿಂದ, ಸಂಪರ್ಕ ತೆಗೆಯುವ ಮುನ್ನವೇ ಅದರ ಕೆಳಗೊಂದು ಮರದ ತುಂಡನ್ನು ಆಸರೆಯಾಗಿಡಿ. ಬಳಿಕ ವ್ಯಾಕ್ಯೂಮ್ ಮತ್ತು ಮೆದು ಬ್ರಷ್‌ನಿಂದ ಧೂಳನ್ನು ತೆಗೆಯಿರಿ. ಕಂಪ್ರೆಸರ್ ಗಾಳಿಯನ್ನು ಹೊಡೆಯಬೇಡಿ. ಹೊರಗಿದ್ದ ಧೂಳು ಸೀಲನ್ನು ದಾಟಿ ಒಳಗೆ ಹೊಕ್ಕರೆ ಅದನ್ನು ಹೊರಗೆ ತರಲು ಬ್ಲಾಕನ್ನೇ ಬಿಚ್ಚಬೇಕಾಗುತ್ತದೆ.

ಹಳಿಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸುವಾಗ ಮೇಲ್ಮೈಯನ್ನಷ್ಟೇ ನೋಡಿದರೆ ಸಾಲದು, ಗುಂಡುಗಳು ಓಡುವ ಪಕ್ಕದ ತೋಡುಗಳಿಗೂ ಬಟ್ಟೆಯನ್ನು ಉಗುರಿನಿಂದ ಒತ್ತಿ ಎಳೆಯಬೇಕು. ಹಳೆಯ ಗ್ರೀಸ್ ಗಟ್ಟಿಯಾಗಿದ್ದರೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿಕೊಳ್ಳಬಹುದು, ಆದರೆ ಅದನ್ನು ಬ್ಲಾಕಿನ ಒಳಕ್ಕೆ ಸುರಿಯಬಾರದು. ಹಳಿಯ ಬೋಲ್ಟ್ ಕೂರುವ ಗುಳಿಗಳನ್ನು ಹಲವರು ಮರೆಯುತ್ತಾರೆ. ಅವುಗಳಲ್ಲಿ ತುಂಬಿದ ಹೊಟ್ಟನ್ನು ಬ್ಲಾಕ್ ಪ್ರತಿ ಸಲ ಹಾದುಹೋಗುವಾಗಲೂ ಸೀಲು ಎಳೆದುಕೊಳ್ಳುತ್ತಿರುತ್ತದೆ. ಕಡ್ಡಿಯಿಂದ ಗುಳಿಗಳನ್ನು ಬರಿದುಮಾಡಿ, ಹಳಿಯೊಂದಿಗೆ ಬಂದ ಪ್ಲಾಸ್ಟಿಕ್ ಮುಚ್ಚಳಗಳಿದ್ದರೆ ಅವನ್ನು ಹಳಿಯ ಮಟ್ಟಕ್ಕೆ ಸಮನಾಗಿ ಕೂರಿಸಿ.

ಚೌಕ ಹಳಿಯ ಬ್ಲಾಕಿನ ತುದಿಯಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸ್ ಒತ್ತಿ ತುಂಬುವ ಸಣ್ಣ ಮೂತಿ) ಕೂರಿಸಲು ರಂಧ್ರವಿರುತ್ತದೆ; ಸಾಮಾನ್ಯವಾಗಿ 15ರ ಅಳತೆಗೆ ಎಂ4, 20ರ ಅಳತೆಗೆ ಎಂ6 ಸ್ಕ್ರೂ ಎಳೆಯಿರುತ್ತದೆ. ವಾಹನಗಳಿಗೆ ಬಳಸುವ ದೊಡ್ಡ ಗ್ರೀಸ್ ಗನ್ನಿನ ಒತ್ತಡಕ್ಕೆ ತುದಿಯ ಪ್ಲಾಸ್ಟಿಕ್ ಮುಚ್ಚಳವೇ ಕಳಚಿಬರಬಹುದು, ಹಾಗಾಗಿ ಕೈಯಲ್ಲಿ ಒತ್ತುವ ಚಿಕ್ಕ ಗನ್ ಸಾಕು. ಒಂದು ಸಲ ಮೆಲ್ಲನೆ ಒತ್ತಿ, ಬ್ಲಾಕನ್ನು ಅದರ ಉದ್ದದ ಮೂರರಷ್ಟಾದರೂ ದೂರ ಹಿಂದೆ ಮುಂದೆ ಸರಿಸಿ, ಮತ್ತೆ ಒತ್ತಿ. ಹೀಗೆ ಸರಿಸಿದಾಗ ಮಾತ್ರ ಗುಂಡುಗಳ ಸಾಲು ಪೂರ್ತಿ ಸುತ್ತಿ ಬಂದು ಪ್ರತಿಯೊಂದಕ್ಕೂ ಗ್ರೀಸ್ ತಲುಪುತ್ತದೆ. ಸೀಲಿನ ಅಂಚಿನಲ್ಲಿ ಹೊಸ ಗ್ರೀಸಿನ ತೆಳು ಗೆರೆ ಕಾಣಿಸಿದೊಡನೆ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚು ತುಂಬಿದರೆ ಚಲನೆ ಭಾರವಾಗುತ್ತದೆ, ಹೊರಬಂದ ಗ್ರೀಸ್ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅಕ್ಷವನ್ನು ಹಂತ ಹಂತವಾಗಿ ಓಡಿಸುವ ಸ್ಟೆಪ್ಪರ್ ಮೋಟಾರ್ ಜೋಡಿಸಿಯೇ ಇದ್ದರೆ ಅಕ್ಷವನ್ನು ಕೈಯಿಂದ ವೇಗವಾಗಿ ತಳ್ಳಬೇಡಿ, ಏಕೆಂದರೆ ಆಗ ಮೋಟಾರ್ ಜನರೇಟರಿನಂತೆ ವರ್ತಿಸಿ, ಅದನ್ನು ನಡೆಸುವ ಡ್ರೈವರ್ ಸರ್ಕ್ಯೂಟಿಗೆ ಹಾನಿ ಮಾಡಬಹುದು.

ಕಿರು ಹಳಿಯ ಬ್ಲಾಕಿಗೆ ಮೊಂಡು ಸೂಜಿಯ ಸಿರಿಂಜಿನಿಂದ, ತುದಿಯ ಸಣ್ಣ ರಂಧ್ರದ ಮೂಲಕ ಗ್ರೀಸ್ ಕೊಡಬೇಕು. ಅಂಥ ರಂಧ್ರವಿಲ್ಲದಿದ್ದರೆ ಹಳಿಯ ತೋಡಿಗೆ ತೆಳುವಾಗಿ ಬಳಿದು ಬ್ಲಾಕನ್ನು ಅದರ ಮೇಲೆ ಹಲವು ಬಾರಿ ಓಡಿಸಿ. ಬ್ಲಾಕನ್ನು ಹಳಿಯಿಂದ ಹೊರತೆಗೆಯುವ ಅಗತ್ಯ ಬಂದಾಗ ಅದನ್ನು ಅಷ್ಟೇ ಅಗಲದ ಪ್ಲಾಸ್ಟಿಕ್ ಹಳಿಯ ತುಂಡಿನ ಮೇಲೆ ಜಾರಿಸಿಕೊಳ್ಳಿ, ಇಲ್ಲವಾದರೆ ಗುಂಡುಗಳು ಉದುರಿ ಚೆಲ್ಲಾಪಿಲ್ಲಿಯಾಗುತ್ತವೆ. ದುಂಡು ಸರಳಿನ ಬೇರಿಂಗಿಗೆ ಒಳಗಿನಿಂದಲೇ, ಗುಂಡುಗಳ ಸಾಲುಗಳ ಮೇಲೆ ಬೆರಳಿನಿಂದ ಗ್ರೀಸನ್ನು ಒತ್ತಿ ತುಂಬುವುದು ಸುಲಭ. ಜೋಡಿಸಿದ ಮೇಲೆ ಸರಳಿನ ಮೇಲೆ ಬಳಿದದ್ದರಲ್ಲಿ ಬಹಳಷ್ಟನ್ನು ಸೀಲು ಹೊರಗೇ ಒರೆಸಿಬಿಡುತ್ತದೆ.

ಮತ್ತೆ ಯಾವಾಗ ಹಾಕಬೇಕು? ಚೌಕ ಹಳಿಗಳಿಗೆ 100 ಕಿಲೋಮೀಟರ್ ಚಲನೆಗೊಮ್ಮೆ ಗ್ರೀಸ್ ಹಾಕುವಂತೆ ಹಳಿ ತಯಾರಕ ಹೈವಿನ್ ಸಂಸ್ಥೆ ಸೂಚಿಸುತ್ತದೆ. ನಿಮಿಷಕ್ಕೆ ಸರಾಸರಿ 3 ಮೀಟರ್ ಓಡುವ ಅಕ್ಷವು ಗಂಟೆಗೆ 180 ಮೀಟರ್ ಸಾಗುತ್ತದೆ, ಅಂದರೆ 100 ಕಿಲೋಮೀಟರ್ ತುಂಬಲು ಸುಮಾರು 555 ಗಂಟೆ ಬೇಕು. ವಾರಕ್ಕೆ 10 ಗಂಟೆ ಕೆಲಸ ಮಾಡುವವರಿಗೆ ಇದು ಒಂದು ವರ್ಷಕ್ಕೂ ಹೆಚ್ಚು. ಆದರೆ ಈ ಲೆಕ್ಕ ಧೂಳನ್ನು ಪರಿಗಣಿಸುವುದಿಲ್ಲ. ನಾನು ಪ್ರತಿ ದಿನದ ಕೆಲಸದ ಕೊನೆಗೆ ಹಳಿಗಳನ್ನು ಒರೆಸುತ್ತೇನೆ, 50 ಗಂಟೆಗೊಮ್ಮೆ ಒಣ ಬೆರಳಿನಿಂದ ತೋಡನ್ನು ಮುಟ್ಟಿ ಎಣ್ಣೆಯ ಪಸೆ ಉಳಿದಿದೆಯೇ ಎಂದು ನೋಡುತ್ತೇನೆ, ಪಸೆ ಇದ್ದರೂ ಇಲ್ಲದಿದ್ದರೂ 6 ತಿಂಗಳಿಗೊಮ್ಮೆ ಹೊಸದಾಗಿ ಗ್ರೀಸ್ ಹಾಕುತ್ತೇನೆ. ಒಂದೇ ಸಣ್ಣ ವ್ಯಾಪ್ತಿಯಲ್ಲಿ ಓಡಾಡುವ ಕೆಲಸವೇ ಹೆಚ್ಚಿದ್ದರೆ, ಆಗಾಗ ಅಕ್ಷವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸಿ. ಚಿಕ್ಕ ಓಟದಲ್ಲಿ ಕೆಲವೇ ಗುಂಡುಗಳು ದುಡಿಯುತ್ತವೆ, ಗ್ರೀಸ್ ಅವುಗಳ ಬಳಿಗೆ ಮರಳಿ ಬರುವುದಿಲ್ಲ.

ಹೊರಬರುವ ಹಳೆಯ ಗ್ರೀಸನ್ನು ಎಸೆಯುವ ಮುನ್ನ ಬಿಳಿ ಕಾಗದದ ಮೇಲೆ ತಿಕ್ಕಿ ನೋಡಿ. ಬೂದು ಬಣ್ಣ ಸಹಜವಾದದ್ದು. ಕೆಂಪು ಮಿಶ್ರಿತ ಕಂದು ಬಣ್ಣವಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಮಿನುಗುವ ಲೋಹದ ಕಣಗಳಿದ್ದರೆ ಗುಂಡು ಅಥವಾ ತೋಡು ಸವೆಯುತ್ತಿದೆ. ಆಗ ಹಳಿಯ ತೋಡಿನುದ್ದಕ್ಕೂ ಉಗುರನ್ನು ಎಳೆದು, ಎಲ್ಲಾದರೂ ತಡೆಯುತ್ತದೆಯೇ ಎಂದು ಗಮನಿಸಿ. ಹಳಿ ನುಣುಪಾಗಿದ್ದು, ಶುಚಿಮಾಡಿ ಗ್ರೀಸ್ ಹಾಕಿದ ಮೇಲೂ ಬ್ಲಾಕ್ ಮರಳಿನ ಮೇಲೆ ಸರಿದಂತೆ ಕರಕರ ಎನ್ನುತ್ತಿದ್ದರೆ ಬ್ಲಾಕನ್ನಷ್ಟೇ ಬದಲಿಸಬಹುದು. ಉಗುರಿಗೆ ಗುಳಿ ತಾಗಿದರೆ ಹಳಿಯನ್ನೂ ಅದರೊಂದಿಗೆ ಬದಲಿಸಬೇಕು.