ಮಾರ್ಕೆಟಿಂಗ್ ಫ್ರಾಂಚೈಸಿ ಕೊಳ್ಳುವ ಮುನ್ನ ರಾಯಲ್ಟಿ ಕಲಂ ಓದಿ

ಊರಿನ ಆಸ್ಪತ್ರೆ, ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್‌ಗಳಿಗೆ ಗೂಗಲ್, ಇನ್‌ಸ್ಟಾಗ್ರಾಂ ಜಾಹೀರಾತು ಮಾಡಿಕೊಡುವ ಕೆಲಸಕ್ಕೆ ಹುಬ್ಬಳ್ಳಿ, ದಾವಣಗೆರೆಯಂಥ ಕಡೆ ಒಳ್ಳೆಯ ಅವಕಾಶ ಇದೆ. ದೊಡ್ಡ ಕಂಪನಿಯೊಂದರ ಹೆಸರು ತಗೊಂಡು ಫ್ರಾಂಚೈಸಿಯಾಗಿ ಶುರು ಮಾಡೋಣ ಅಂತ ಹಲವರಿಗೆ ಅನಿಸುತ್ತದೆ. ತಪ್ಪೇನಿಲ್ಲ. ಆದರೆ ಎಡವುವವರೆಲ್ಲ ಒಂದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ. ಪ್ರವೇಶ ಶುಲ್ಕದ ಮೇಲೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಮೂರು ಲಕ್ಷವನ್ನು ಎರಡೂವರೆಗೆ ಇಳಿಸಿಕೊಂಡು ಖುಷಿಪಡುತ್ತಾರೆ. ವರ್ಷಗಟ್ಟಲೆ ತಿಂಗಳು ತಿಂಗಳು ಕಟ್ಟಬೇಕಾದ ರಾಯಲ್ಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ ಅಂತ ಮಾತ್ರ ಕೇಳುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೆ ಕನಿಷ್ಠ 14 ದಿನ ಮೊದಲು 23 ಅಂಶಗಳ ವಿವರ ಪತ್ರ ಕೊಡಲೇಬೇಕು. ಶುಲ್ಕ, ಕೋರ್ಟ್ ಕೇಸು, ಬಿಟ್ಟುಹೋದ ಫ್ರಾಂಚೈಸಿಗಳ ಲೆಕ್ಕ ಎಲ್ಲ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾನೂನು ಇಲ್ಲ. ನಡೆಯುವುದು ಮುಖ್ಯವಾಗಿ 1872ರ ಕರಾರು ಕಾಯ್ದೆಯ ಮೇಲೆ. ಅಂದರೆ ಅಗ್ರಿಮೆಂಟಿನಲ್ಲಿ ಬರೆದದ್ದೇ ನಿಮಗೆ ಆಧಾರ. ಫೋನಿನಲ್ಲಿ ಸೇಲ್ಸ್‌ನವರು ಹೇಳಿದ ಸಿಹಿ ಮಾತನ್ನು ಆಮೇಲೆ ಸಾಬೀತು ಮಾಡುವುದು ತುಂಬಾ ಕಷ್ಟ.

ಹೆಜ್ಜೆ 1: ಕಂಪನಿಯ ಜಾತಕ ನೋಡಿ

ಇದು ಅರ್ಧ ದಿನದ ಕೆಲಸ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿ ಯಾವಾಗ ನೋಂದಣಿ ಆಯಿತು, ಬಂಡವಾಳ ಎಷ್ಟು ಅಂತ ಸಿಗುತ್ತದೆ. ಟ್ರೇಡ್‌ಮಾರ್ಕ್ ಹುಡುಕಾಟದ ತಾಣದಲ್ಲಿ 35ನೇ ವರ್ಗ ನೋಡಿ, ಜಾಹೀರಾತು ಸೇವೆ ಬರುವುದು ಅದರಲ್ಲೇ. ಹೆಸರು ನೋಂದಣಿ ಆಗಿದೆಯೋ, ಬರೀ ಅರ್ಜಿ ಹಾಕಿದ್ದಾರೋ ಗೊತ್ತಾಗುತ್ತದೆ. ನೀವು ದುಡ್ಡು ಕೊಡುತ್ತಿರುವುದೇ ಆ ಹೆಸರಿಗೆ, ಅಲ್ವಾ?

ಹೆಜ್ಜೆ 2: ಒಟ್ಟು ಖರ್ಚು ಒಂದು ಹಾಳೆಯಲ್ಲಿ ಬರೆಯಿರಿ

ಪ್ರವೇಶ ಶುಲ್ಕ, ಡೆಪಾಸಿಟ್, ತರಬೇತಿ, ಸಾಫ್ಟ್‌ವೇರ್ ಬಾಡಿಗೆ, ಬ್ರ್ಯಾಂಡ್ ನಿಧಿ (ಕಂಪನಿಯ ಹೆಸರಿನ ಪ್ರಚಾರಕ್ಕೆ ಫ್ರಾಂಚೈಸಿಗಳು ಕೊಡುವ ಪಾಲು), ನವೀಕರಣ ಶುಲ್ಕ. ಫ್ರಾಂಚೈಸಿ ಶುಲ್ಕಕ್ಕೂ ರಾಯಲ್ಟಿಗೂ 18% ಜಿಎಸ್‌ಟಿ ಬೀಳುತ್ತದೆ. 3 ಲಕ್ಷ ಅಂದರೆ ನಿಜಕ್ಕೂ 3,54,000. ನೀವು ಜಿಎಸ್‌ಟಿ ನೋಂದಣಿ ಮಾಡಿಸದಿದ್ದರೆ ಆ 54,000 ಅನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು ಹೊಂದಿಸಿಕೊಳ್ಳಲು ಆಗುವುದಿಲ್ಲ. ಸೇವಾ ವ್ಯವಹಾರಕ್ಕೆ 20 ಲಕ್ಷದವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲದಿದ್ದರೂ, ಈ ಕಸುಬಿನಲ್ಲಿ ಮೊದಲ ದಿನವೇ ಮಾಡಿಸಿಕೊಳ್ಳಿ ಅಂತಲೇ ನನ್ನ ಸಲಹೆ. ವಾಪಸ್ ಬರುವ ಡೆಪಾಸಿಟ್ಟಿಗೂ 18% ಸೇರಿಸಿ ಬಿಲ್ ಕೊಟ್ಟರೆ ಕಾರಣ ಕೇಳಿ. ಶುಲ್ಕಕ್ಕೆ ಹೊಂದಿಸಿಕೊಳ್ಳುವವರೆಗೆ ಡೆಪಾಸಿಟ್ ಮೇಲೆ ಜಿಎಸ್‌ಟಿ ಇಲ್ಲ.

ತರಬೇತಿ ಮತ್ತು ಸರ್ಟಿಫಿಕೇಟ್ ಹೆಸರಲ್ಲಿ ದೊಡ್ಡ ಮೊತ್ತ ಕೇಳಿದರೆ ಕೊಡಬೇಡಿ. ಗೂಗಲ್ ಜಾಹೀರಾತಿನ ಪಾಠಗಳು ಮತ್ತು ಪರೀಕ್ಷೆ ಗೂಗಲ್‌ನದೇ ಸ್ಕಿಲ್‌ಶಾಪ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ‘10 ಲಕ್ಷ ಮೊಬೈಲ್ ನಂಬರ್ ಇರುವ ಡೇಟಾಬೇಸ್ ಉಚಿತ’ ಅನ್ನುವ ಪ್ಯಾಕೇಜನ್ನಂತೂ ಮುಟ್ಟಲೇಬೇಡಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದ ಪ್ರಕಾರ ಬಲ್ಕ್ ಎಸ್‌ಎಂಎಸ್ ಕಳಿಸಲು ಕಳಿಸುವವರ ಹೆಸರು, ಮೆಸೇಜಿನ ನಮೂನೆ ಎರಡನ್ನೂ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ಆನ್‌ಲೈನ್ ನೋಂದಣಿ ವೇದಿಕೆಯಲ್ಲಿ ನೋಂದಣಿ ಮಾಡಿಸಬೇಕು. ಎಲ್ಲಿಂದಲೋ ತಂದ ನಂಬರುಗಳಿಗೆ ಸುಮ್ನೆ ಮೆಸೇಜ್ ಹೊಡೆದರೆ ದೂರು ಬರುವುದು ನಿಮ್ಮ ಗಿರಾಕಿಯ ಮೇಲೆ.

ಹೆಜ್ಜೆ 3: ರಾಯಲ್ಟಿ ಯಾವುದರ ಮೇಲೆ?

ಇಲ್ಲಿ ನಿಧಾನ ಮಾಡಿ. ಇಡೀ ವ್ಯವಹಾರ ನಿಂತಿರುವುದು ಈ ಒಂದು ಸಾಲಿನ ಮೇಲೆ.

ಹೋಟೆಲ್ ಫ್ರಾಂಚೈಸಿಯಲ್ಲಿ ಗಲ್ಲಾಪೆಟ್ಟಿಗೆಗೆ ಬಂದದ್ದೆಲ್ಲ ಹೋಟೆಲಿನ ವ್ಯಾಪಾರ. ನಮ್ಮ ಕಸುಬು ಹಾಗಲ್ಲ. ಗಿರಾಕಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಗೂಗಲ್‌ಗೆ, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಗೆ ಹೋಗುತ್ತದೆ. ಅದು ನಿಮ್ಮ ಕೈಯಲ್ಲಿ ಒಂದೆರಡು ದಿನ ಇದ್ದು ಹೋಗುವ ಹಣ. ಆದರೂ ಎಷ್ಟೋ ಅಗ್ರಿಮೆಂಟುಗಳಲ್ಲಿ ‘ಒಟ್ಟು ಬಿಲ್ಲಿಂಗ್ ಮೇಲೆ 10%’ ಅಂತಲೇ ಇರುತ್ತದೆ.

ಲೆಕ್ಕ ಮಾಡಿ ನೋಡೋಣ. ಹತ್ತು ಗಿರಾಕಿಗಳು, ಒಬ್ಬೊಬ್ಬರಿಗೆ ತಿಂಗಳಿಗೆ 50,000 ಬಿಲ್ ಅಂತ ಇಟ್ಟುಕೊಳ್ಳಿ. ಅದರಲ್ಲಿ 40,000 ಜಾಹೀರಾತಿಗೆ, 10,000 ನಿಮ್ಮ ಸೇವೆಗೆ. ಒಟ್ಟು ಬಿಲ್ 5 ಲಕ್ಷ, ನಿಮ್ಮ ದುಡಿಮೆ 1 ಲಕ್ಷ. 5 ಲಕ್ಷದ ಮೇಲೆ 10% ರಾಯಲ್ಟಿ ಅಂದರೆ 50,000. ಜೊತೆಗೆ ಬ್ರ್ಯಾಂಡ್ ನಿಧಿಗೆ 2%, ಇನ್ನೊಂದು 10,000. ಉಳಿದದ್ದು 40,000. ಅದರಲ್ಲೇ ಡಿಸೈನರ್ ಸಂಬಳ, ಆಫೀಸ್ ಬಾಡಿಗೆ, ಪೆಟ್ರೋಲ್. ಅದೇ 10% ಮತ್ತು 2% ಅನ್ನು ನಿಮ್ಮ ಸೇವಾ ಶುಲ್ಕದ ಮೇಲೆ ಮಾತ್ರ ಹಾಕಿದರೆ ಹೋಗುವುದು 12,000, ಉಳಿಯುವುದು 88,000. ಶೇಕಡಾವಾರು ಎರಡರಲ್ಲೂ ಒಂದೇ. ತಿಂಗಳಿಗೆ 48,000 ವ್ಯತ್ಯಾಸ!

ಆದ್ದರಿಂದ ಅಗ್ರಿಮೆಂಟಿನ ಮೊದಲ ಪುಟಗಳಲ್ಲಿರುವ ಪದಗಳ ವಿವರಣೆ ಓದಿ. ಆದಾಯ, ಬಿಲ್ಲಿಂಗ್ ಅಂದರೆ ಏನು ಅಂತ ಅಲ್ಲೇ ಬರೆದಿರುತ್ತಾರೆ. ಈ ಅರ್ಥ ಬರುವ ಸಾಲು ಸೇರಿಸಲೇಬೇಕು ಅಂತ ಪಟ್ಟು ಹಿಡಿಯಿರಿ: ‘ರಾಯಲ್ಟಿ ಮತ್ತು ಇತರ ಶೇಕಡಾವಾರು ಶುಲ್ಕಗಳನ್ನು ಫ್ರಾಂಚೈಸಿಯ ಸೇವಾ ಶುಲ್ಕದ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಜಾಹೀರಾತು ವೇದಿಕೆಗಳಿಗೆ ಕಟ್ಟಿದ ಹಣ, ಮುದ್ರಣ ಮತ್ತು ಹೋರ್ಡಿಂಗ್ ಬಾಡಿಗೆ, ಜಿಎಸ್‌ಟಿ ಇದರಲ್ಲಿ ಸೇರುವುದಿಲ್ಲ.’

ಎರಡನೇ ಪ್ರಶ್ನೆ: ಬಿಲ್ ಮಾಡಿದ್ದರ ಮೇಲೋ, ಕೈಗೆ ಬಂದದ್ದರ ಮೇಲೋ? ಊರಿನ ಗಿರಾಕಿಗಳು ‘ಹಬ್ಬ ಮುಗಿಯಲಿ ಸಾರ್’ ಅನ್ನುತ್ತಾ ತಿಂಗಳುಗಟ್ಟಲೆ ಎಳೆಯುತ್ತಾರೆ. ಹೆಡ್ ಆಫೀಸಿಗೆ ಮಾತ್ರ ಪ್ರತಿ ತಿಂಗಳು ಹೇಳಿದ ತಾರೀಕಿಗೆ ಕಟ್ಟಬೇಕು. ವಸೂಲಾದ ಹಣದ ಮೇಲೆ ಅಂತಲೇ ಬರೆಸಿ. ಮೂರನೆಯದು ಕನಿಷ್ಠ ರಾಯಲ್ಟಿ. ‘5% ಅಥವಾ 15,000, ಯಾವುದು ಹೆಚ್ಚೋ ಅದು’ ಅಂತ ಇದ್ದರೆ ಗಿರಾಕಿ ಒಬ್ಬರೂ ಇಲ್ಲದ ತಿಂಗಳಲ್ಲೂ 15,000 ಹೋಗುತ್ತದೆ. ಮೊದಲ ಆರು ತಿಂಗಳಾದರೂ ಇದಕ್ಕೆ ವಿನಾಯಿತಿ ಕೇಳಿ.

ಇಲ್ಲೊಂದು ಸುಲಭ ದಾರಿಯೂ ಇದೆ. ಜಾಹೀರಾತಿನ ಹಣ ನಿಮ್ಮ ಖಾತೆಗೆ ಬರುವುದೇ ಬೇಡ. ಗಿರಾಕಿಯ ಇಮೇಲಿನಲ್ಲೇ ಗೂಗಲ್ ಆಡ್ಸ್ ಖಾತೆ ತೆರೆದು, ಅವರದೇ ಕಾರ್ಡ್, ಅವರದೇ ಜಿಎಸ್‌ಟಿ ನಂಬರ್ ಹಾಕಿಸಿ. ನೀವು ನಿರ್ವಹಣೆಯ ಅನುಮತಿ ಮಾತ್ರ ತಗೊಳ್ಳಿ. ಬಿಲ್ ನೇರ ಅವರಿಗೇ ಹೋಗುತ್ತದೆ. ಜಾಹೀರಾತು ಹಣದ ಮೇಲೆ ಕಮಿಷನ್ ಇಟ್ಟುಕೊಳ್ಳುವ ಪದ್ಧತಿ ಕೆಲವರಲ್ಲಿದೆ. ಬೇಡ. ಸೇವಾ ಶುಲ್ಕವನ್ನೇ ಧೈರ್ಯವಾಗಿ ಹೆಚ್ಚು ಕೇಳಿ. ಎಲ್ಲ ಖಾತೆಗಳೂ ಹೆಡ್ ಆಫೀಸಿನ ಹೆಸರಲ್ಲೇ ಇರಬೇಕು ಅಂತ ಕಂಪನಿ ಹೇಳಿದರೆ ಆ ಫ್ರಾಂಚೈಸಿ ಬಿಟ್ಟುಬಿಡಿ. ನಾಳೆ ನೀವು ಹೊರಬಂದಾಗ ಗಿರಾಕಿಯ ಹಳೆಯ ಜಾಹೀರಾತು ದಾಖಲೆಗಳೆಲ್ಲ ಅಲ್ಲೇ ಉಳಿಯುತ್ತವೆ.

ಹೆಜ್ಜೆ 4: ಹಳೆಯ ಫ್ರಾಂಚೈಸಿಗಳ ಜೊತೆ ಮಾತಾಡಿ

ಕಂಪನಿ ಕೊಟ್ಟ ಪಟ್ಟಿ ಸಾಲದು. ಬಿಟ್ಟುಹೋದ ಒಬ್ಬಿಬ್ಬರನ್ನಾದರೂ ನೀವೇ ಹುಡುಕಿ. ‘ಹೇಗಿದೆ?’ ಅಂತ ಕೇಳಬೇಡಿ. ಹೋದ ತಿಂಗಳು ಹೆಡ್ ಆಫೀಸಿಗೆ ಎಷ್ಟು ಕಟ್ಟಿದಿರಿ, ಅವರು ಕಳಿಸಿದ ಲೀಡ್‌ಗಳಲ್ಲಿ (ಗಿರಾಕಿ ಆಗಬಹುದಾದವರ ವಿಚಾರಣೆಗಳಲ್ಲಿ) ಎಷ್ಟು ಬಿಲ್ ಆದವು ಅಂತ ಕೇಳಿ.

ಡಿಸೈನ್ ಕೆಲಸ ಹೆಡ್ ಆಫೀಸಿನಲ್ಲೇ ಆಗುತ್ತದೆ ಅಂದರೆ ಸಹಿಗೆ ಮುಂಚೆ ಒಂದು ಕನ್ನಡ ಪೋಸ್ಟರ್ ಮಾಡಿಸಿ ನೋಡಿ. ‘ವರಮಹಾಲಕ್ಷ್ಮಿ ಹಬ್ಬದ ಶುಭಾಶಯಗಳು’ ಸಾಕು. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಬದಲಿಸದೆ ಯೂನಿಕೋಡ್ ಅಕ್ಷರ ಅಂಟಿಸಿದರೆ ‘ಕ್ಷ್ಮಿ’ ಒಡೆದು, ಒತ್ತಕ್ಷರ ಪಕ್ಕಕ್ಕೆ ಬಿದ್ದಿರುತ್ತದೆ. ಅಂಥ ಪೋಸ್ಟರ್ ಒಡವೆ ಅಂಗಡಿಯ ಮಾಲೀಕರ ಕಣ್ಣಿಗೆ ಬಿದ್ದರೆ ಆ ಗಿರಾಕಿ ಹೋದಂತೆಯೇ. ಕನ್ನಡ ಬಲ್ಲವರು ಅಲ್ಲಿ ಒಬ್ಬರೂ ಇಲ್ಲದಿದ್ದರೆ ಡಿಸೈನರ್ ಸಂಬಳ ನಿಮ್ಮದೇ ಖರ್ಚು ಅಂತ ಎರಡನೇ ಹೆಜ್ಜೆಯ ಹಾಳೆಗೆ ಸೇರಿಸಿ.

ಹೆಜ್ಜೆ 5: ಪ್ರದೇಶ ಮತ್ತು ಬಿಡುಗಡೆ

‘ಜಿಲ್ಲೆಗೆ ನೀವೊಬ್ಬರೇ’ ಅನ್ನುತ್ತಾರೆ. ಆದರೆ ನಿಮ್ಮ ಜಿಲ್ಲೆಯವರು ಕಂಪನಿಯ ವೆಬ್‌ಸೈಟಿನಲ್ಲಿ ವಿಚಾರಿಸಿದರೆ ಅದು ಯಾರಿಗೆ? ನಿಮಗೇ ಅಂತ ಬರೆಸಿ.

ಹೊರಬಂದ ಮೇಲೆ ಇದೇ ಕೆಲಸ ಮಾಡಬಾರದು ಅನ್ನುವ ಷರತ್ತು ಕಂಡು ಹಲವರು ಹೆದರುತ್ತಾರೆ. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕರಾರು ಜಾರಿಯಲ್ಲಿರುವಾಗ ಪಕ್ಕದಲ್ಲೇ ಸ್ವಂತ ಏಜೆನ್ಸಿ ನಡೆಸಿದರೆ ಮಾತು ಬೇರೆ. ಕರಾರಿನ ಅವಧಿಯೊಳಗಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಕಂಪನಿಯ ಹೆಸರು, ಗುಟ್ಟಿನ ಮಾಹಿತಿ ಬಳಸುವುದಂತೂ ಯಾವಾಗಲೂ ಬೇಡ.

ವ್ಯಾಜ್ಯದ ಕಲಂನಲ್ಲಿ ಮಧ್ಯಸ್ಥಿಕೆ (ಕೋರ್ಟಿನ ಹೊರಗೆ ನಡೆಯುವ ಆರ್ಬಿಟ್ರೇಷನ್) ದೆಹಲಿಯಲ್ಲಿ ಅಂತ ಇದ್ದರೆ ಬೆಂಗಳೂರು ಅಂತ ಬದಲಿಸಿಕೊಳ್ಳಿ. ಎರಡು ಲಕ್ಷದ ಡೆಪಾಸಿಟ್‌ಗಾಗಿ ಯಾರೂ ಹತ್ತು ಸಲ ದೆಹಲಿಗೆ ಹೋಗುವುದಿಲ್ಲ.

ಹೆಜ್ಜೆ 6: ಸಹಿ ಮತ್ತು ಹಣ

ಅಗ್ರಿಮೆಂಟನ್ನು ವಕೀಲರಿಗೆ, ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ವಿಚಾರವನ್ನು ಆಡಿಟರ್‌ಗೆ ತೋರಿಸಿ. ‘ಇವತ್ತೇ ಕಟ್ಟಿದರೆ ರಿಯಾಯಿತಿ’ ಅಂದವರಿಗೆ ಮುಂದಿನ ವಾರ ಅಂತ ಹೇಳಿ. ಹಣ ಕಂಪನಿಯ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು, ಯಾರದೋ ಯುಪಿಐಗೆ ಅಲ್ಲ. ಸಹಿಯ ದಿನ ಅರ್ಧ ಕಟ್ಟಿ. ತರಬೇತಿ ಮುಗಿದು, ಸಾಫ್ಟ್‌ವೇರ್ ಲಾಗಿನ್ ಕೈಗೆ ಬಂದು, ಮೊದಲ ಗಿರಾಕಿಯ ಕೆಲಸ ಅವರ ಕಡೆಯಿಂದ ಆದ ಮೇಲೆ ಉಳಿದರ್ಧ. ಈ ಕಂತಿನ ಷರತ್ತೂ ಅಗ್ರಿಮೆಂಟಿನೊಳಗೇ ಇರಲಿ, ಪ್ರತಿ ಪುಟದಲ್ಲೂ ಎರಡೂ ಕಡೆಯವರ ಸಹಿ ಇರಲಿ.